ಹಲ್ಲು ಜುಮ್ ಅನ್ನೋದರ ರಿಸರ್ಚ್‌ಗೆ ಸೇರಿ ಅಂತಿದ್ದಾರೆ, ನಮ್ಮ ಫೋಟೋ, ನಂಬರ್ ಎಲ್ಲ ಎಲ್ಲಿ ಹೋಗುತ್ತದೆ?

ಹರಿಹರ_ರಸ್ತೆ:
ನಾನು ದಾವಣಗೆರೆಯವಳು. ಈಚೆಗೆ ತಣ್ಣೀರು ಕುಡಿದರೆ, ಮೊಸರು ಬಾಯಿಗಿಟ್ಟರೆ ಎಡಗಡೆ ಹಲ್ಲು ಜುಮ್ ಅನ್ನುತ್ತದೆ. ಇಲ್ಲೇ ಒಂದು ಡೆಂಟಲ್ ಆಸ್ಪತ್ರೆಗೆ ಹೋಗಿದ್ದೆ. ಹುಳುಕಿಲ್ಲ, ಒಸಡು ಸರಿದು ಬೇರು ಕಾಣುತ್ತಿದೆ ಅಂದರು. ಪಿಜಿ ಮಾಡುತ್ತಿರುವ ಹುಡುಗಿಯೊಬ್ಬಳು ಥೀಸಿಸ್‌ಗೆ ಎರಡು ಥರದ ಪೇಸ್ಟ್ ಹೋಲಿಸುತ್ತಿದ್ದೇವೆ, ಸೇರಿಕೊಳ್ಳಿ, ಪೇಸ್ಟ್ ನಾವೇ ಕೊಡುತ್ತೇವೆ ಅಂದಳು. ಸಹಿ ಮಾಡೋ ಹಾಳೆ ಇಂಗ್ಲಿಷ್‌ನಲ್ಲಿತ್ತು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಅಷ್ಟರಲ್ಲೇ ತನ್ನ ಮೊಬೈಲಲ್ಲಿ ನನ್ನ ಹಲ್ಲಿನ ಫೋಟೋ, ಹೆಸರು-ನಂಬರ್ ಇರೋ ಕೇಸ್ ಶೀಟ್ ಫೋಟೋ ಎರಡೂ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕಣ್ಣಾರೆ ನೋಡಿದೆ. ಸೇರಬಹುದಾ? ಏನು ಕೇಳಬೇಕು?

ದುರ್ಗದ_ಡೆಂಟಿಸ್ಟ್:
ಅಕ್ಕ, ನಾನು ಚಿತ್ರದುರ್ಗದಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ಸಾಧ್ಯವಾದರೆ ಸೇರಿ, ಇಂಥ ಅಧ್ಯಯನ ಬೇಕು. ಒಸಡು ಸರಿದಾಗ ಹಲ್ಲಿನ ಒಳಪದರ, ಅಂದರೆ ಡೆಂಟಿನ್, ಹೊರಗೆ ಕಾಣುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಒಳಗೆ ದ್ರವ. ತಣ್ಣಗಿನದು ತಾಗಿದರೆ ದ್ರವ ಅಲುಗಾಡಿ ನರವನ್ನು ಕೆಣಕುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ದಂತ ಸಂಶೋಧಕ ಬ್ರೆನ್‌ಸ್ಟ್ರೋಮ್ ಇದನ್ನು ಪ್ರಯೋಗ ಮಾಡಿ ತೋರಿಸಿದರು, ಇವತ್ತಿಗೂ ನಾವು ಓದೋದು ಅದನ್ನೇ. 2021ರಲ್ಲಿ ಇನ್ನೊಂದು ವಿಷಯ ಸೇರಿತು: ಡೆಂಟಿನ್ ಕಟ್ಟುವ ಜೀವಕೋಶಗಳಲ್ಲೇ ತಂಪು ಗುರುತಿಸುವ ಟಿಆರ್‌ಪಿಸಿ5 ಅನ್ನೋ ಪ್ರೊಟೀನ್ ಇದೆಯಂತೆ, ಇಲಿಗಳಲ್ಲಿ ನೋಡಿ ಕಂಡುಕೊಂಡರು. ಲವಂಗದೆಣ್ಣೆಯಲ್ಲಿರೋ ಯೂಜೆನಾಲ್ ಅನ್ನೋ ಅಂಶ ಅದನ್ನು ತಡೆಯುತ್ತದೆ.

ಪೇಸ್ಟ್‌ಗಳಲ್ಲಿ ಕೆಲವು 5% ಪೊಟ್ಯಾಶಿಯಂ ನೈಟ್ರೇಟ್‌ನಿಂದ ನರವನ್ನು ಸುಮ್ಮನಾಗಿಸುತ್ತವೆ, ಆರ್ಜಿನೈನ್ ಇರುವಂಥವು ಕೊಳವೆಯ ಬಾಯಿ ಮುಚ್ಚುತ್ತವೆ. ಅಳೆಯೋದು ಸುಲಭ. ಪಕ್ಕದ ಹಲ್ಲುಗಳನ್ನು ಬೆರಳಲ್ಲಿ ಮುಚ್ಚಿ, ಈ ಹಲ್ಲಿಗೆ ಮಾತ್ರ ಒಂದು ಸೆಕೆಂಡ್ ಗಾಳಿ ಬಿಟ್ಟು, ನೋವು 0ಯಿಂದ 10ರಲ್ಲಿ ಎಷ್ಟು ಅಂತ ಕೇಳುತ್ತಾರೆ. ಕಷ್ಟ ಏನೆಂದರೆ ಸಾದಾ ಪೇಸ್ಟ್ ತಿಕ್ಕಿದವರಿಗೂ ಎಷ್ಟೋ ಸಲ ನೋವು ಕಡಿಮೆಯಾಗುತ್ತದೆ, ಹಾಗಾಗಿ ಯಾರಿಗೆ ಯಾವ ಪೇಸ್ಟ್ ಅಂತ ನಿಮಗೂ ಅಳೆಯುವವರಿಗೂ ಗೊತ್ತಿರಬಾರದು. ಆ ಫೋಟೋನ ಥೀಸಿಸ್ ನೋಡಿಕೊಳ್ಳೋ ಪ್ರೊಫೆಸರ್‌ಗೆ, ಅಂದರೆ ಗೈಡಿಗೆ, ತೋರಿಸೋಕೆ ಹಾಕಿರುತ್ತಾರೆ, ಕೆಟ್ಟ ಉದ್ದೇಶ ಇರಲ್ಲ ಬಿಡಿ.

ಸರ್ವರ್_ರೂಮ್:
ಡಾಕ್ಟ್ರೇ, ಉದ್ದೇಶ ಒಳ್ಳೆಯದೇ ಇರಬಹುದು, ಫೋಟೋ ಹೋಗಿದ್ದಂತೂ ಹೋಯಿತಲ್ವಾ? ನಾನು ಆಸ್ಪತ್ರೆಯೊಂದರಲ್ಲಿ ಐಟಿ ಕೆಲಸ ಮಾಡುವವನು. 2022ರ ನವೆಂಬರ್ 23ಕ್ಕೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ರಾನ್ಸಮ್‌ವೇರ್‌ಗೆ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಥರದ ವೈರಸ್) ಸಿಕ್ಕಾಗ ಓಪಿಡಿ ಚೀಟಿ, ಲ್ಯಾಬ್ ರಿಪೋರ್ಟ್ ಎಲ್ಲ ಎಷ್ಟೋ ದಿನ ಕೈಯಲ್ಲೇ ಬರೆದರು. ಅದು ಪೇಪರಿನಲ್ಲಿ ಬಂತು. ದಿನಾ ಸೋರೋದು ಪೇಪರಿಗೆ ಬರಲ್ಲ. ಇಡೀ ವಾರ್ಡಿಗೆ ಒಂದೇ ಲಾಗಿನ್, ಮಾನಿಟರ್ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ, ಪೆನ್‌ಡ್ರೈವಲ್ಲಿ ಓಡಾಡೋ ಥೀಸಿಸ್ ಎಕ್ಸೆಲ್. ಗ್ರೂಪಿಗೆ ಹಾಕಿದ ಫೋಟೋ ಅಲ್ಲಿರುವವರ ಫೋನುಗಳಲ್ಲಿ ಇಳಿಯುತ್ತದೆ, ಬ್ಯಾಕಪ್ ಆನ್ ಇದ್ದರೆ ಅವರವರ ಅಕೌಂಟಿಗೂ ಹೋಗುತ್ತದೆ. ಅವರು ಕೋರ್ಸ್ ಮುಗಿಸಿ ಊರು ಬಿಟ್ಟರೂ ಅಕ್ಕನ ನಂಬರ್ ಅಲ್ಲೇ ಇರುತ್ತದೆ.

ಅಕ್ಕ, ಮೊದಲು ಕನ್ನಡದ ಹಾಳೆ ಕೇಳಿ. ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು, ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ. ಎಕ್ಸೆಲ್‌ನಲ್ಲಿ ಹೆಸರಿನ ಬದಲು ಕೋಡ್ ನಂಬರ್ ಹಾಕುತ್ತೀರಾ, ಯಾವ ಕೋಡ್ ಯಾರದು ಅನ್ನೋ ಪಟ್ಟಿ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಹಾರಿಕೆ ಉತ್ತರ ಕೊಟ್ಟರೆ, ರಿಸರ್ಚ್ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡೋ ಎಥಿಕ್ಸ್ ಕಮಿಟಿಯ ನಂಬರ್ ತೆಗೆದುಕೊಳ್ಳಿ. ವೈಯಕ್ತಿಕ ಮಾಹಿತಿ ಕಾಪಾಡೋ 2023ರ ಡಿಪಿಡಿಪಿ ಕಾಯ್ದೆಯಲ್ಲಿ ರಿಸರ್ಚಿಗೆ ಒಂದಷ್ಟು ವಿನಾಯಿತಿ ಇದೆ, ಹಾಗಾಗಿ ಕಮಿಟಿ ದಾರಿಯೇ ಬೇಗ ಕೆಲಸಕ್ಕೆ ಬರುತ್ತದೆ.

ದುರ್ಗದ_ಡೆಂಟಿಸ್ಟ್:
ಒಪ್ಪಿದೆ. ಗೈಡಿಗೆ ಹಲ್ಲು ಕಂಡರೆ ಸಾಕು, ಕೇಸ್ ಶೀಟ್ ಯಾಕೆ ಬೇಕು? ಅದರಲ್ಲೂ ಸಹಿಗೆ ಮುಂಚೆ ರಿಸರ್ಚಿಗೆ ಅಂತ ಫೋಟೋ ತೆಗೆಯೋದು ತಪ್ಪೇ.

ಹರಿಹರ_ರಸ್ತೆ:
ಇಬ್ಬರಿಗೂ ಥ್ಯಾಂಕ್ಸ್. ಸೋಮವಾರ ಹೋಗಿ ಗ್ರೂಪಿನಲ್ಲಿರೋದನ್ನು ನನ್ನೆದುರೇ ಡಿಲೀಟ್ ಮಾಡಿಸುತ್ತೇನೆ, ಕನ್ನಡದ ಹಾಳೆ ಕೊಟ್ಟರೆ ಸಹಿ. ಅಲ್ಲಿವರೆಗೆ ಲವಂಗದೆಣ್ಣೆ ಹಚ್ಚಬಹುದಾ ಸರ್?

ದುರ್ಗದ_ಡೆಂಟಿಸ್ಟ್:
ಬೇಡ ಅಕ್ಕ. ಒಸಡು ಉರಿಯುತ್ತದೆ, ಮೊದಲ ದಿನದ ಅಳತೆಯೂ ಕೆಡುತ್ತದೆ. ಮೆತ್ತಗಿನ ಬ್ರಷ್‌ನಲ್ಲಿ ಒತ್ತದೆ ಉಜ್ಜಿ. ನಿಂಬೆ ಶರಬತ್ತು ಕುಡಿದರೆ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ.