ನಟ ಲೋಕೇಶ್ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ

ಬಾಲ್ಕನಿ ಸೀಟು:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಮ್ಮನ ಜೊತೆ ಕೂತು ‘ಭೂತಯ್ಯನ ಮಗ ಅಯ್ಯು’ ನೋಡಿದೆ. ವಿಷ್ಣುವರ್ಧನ್ ಇದ್ದಾರೆ ಅಂತ ಹಾಕಿದ್ದು, ಆದರೆ ಮುಗಿಯುವ ಹೊತ್ತಿಗೆ ನನ್ನ ಕಣ್ಣೆಲ್ಲ ಲೋಕೇಶ್ ಮೇಲೇ ಇತ್ತು. ಭೂತಯ್ಯ ಸತ್ತಾಗ ಹೆಗಲು ಕೊಡಲು ಊರಿನವರು ಯಾರೂ ಬರುವುದಿಲ್ಲವಲ್ಲ, ಅಲ್ಲಿಂದ ಮುಂದೆ ಅಯ್ಯು ಬೇರೆಯೇ ಮನುಷ್ಯ ಆಗುತ್ತಾ ಹೋಗುತ್ತಾನೆ. ಅದನ್ನು ಲೋಕೇಶ್ ಕೂಗಾಡದೆ ತೋರಿಸುತ್ತಾರೆ. 1974ರ ಸಿನಿಮಾ, ಆಗ ಅವರಿಗೆ 30 ಕೂಡ ಆಗಿರಲಿಲ್ಲ ಅಂದರೆ ನಂಬುವುದೇ ಕಷ್ಟ.

ಸೃಜನ್ ಲೋಕೇಶ್ ಅವರ ಅಪ್ಪ, ಗಿರಿಜಾ ಲೋಕೇಶ್ ಅವರ ಯಜಮಾನರು ಅನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ನಾಟಕದಿಂದ ಬಂದವರು ಅಂತ ಅಮ್ಮ ಹೇಳಿದರು. ಯಾವ ನಾಟಕ? ಇದೇ ಅವರ ಮೊದಲ ಸಿನಿಮಾನಾ? ಸುಮ್ನೆ ಹುಟ್ಟಿದ ದಿನ, ಸಿನಿಮಾ ಪಟ್ಟಿ ಬೇಡ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಹೇಳಿ.

ರೀಲು ಡಬ್ಬ:
ಮೊದಲನೆಯದಂತೂ ಅಲ್ಲ. 1958ರ ‘ಭಕ್ತ ಪ್ರಹ್ಲಾದ’ದಲ್ಲಿ ಹುಡುಗ ಲೋಕೇಶ್ ಇದ್ದಾರೆ. ಅದು ಅವರ ಮನೆಯವರದೇ ಸಿನಿಮಾ ಅನ್ನಬೇಕು, ಯಾಕೆಂದರೆ ಅವರ ಅಪ್ಪ ಎಂ.ವಿ. ಸುಬ್ಬಯ್ಯ ನಾಯ್ಡು.

ಈ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆಯೋ. 1934ರಲ್ಲಿ ಬಿಡುಗಡೆಯಾದ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ ಅಲ್ವಾ, ಅದರಲ್ಲಿ ಇಂದ್ರಜಿತು ಆಗಿದ್ದವರು ಇವರೇ. ರಾವಣ ಆರ್. ನಾಗೇಂದ್ರರಾಯರು. ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು, ಸೇರಿ ‘ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ’ ನಡೆಸಿದವರು. ಆಗ ನಮ್ಮಲ್ಲಿ ಸ್ಟುಡಿಯೋ ಇಲ್ಲದ್ದರಿಂದ ಕನ್ನಡದ ಮೊದಲ ಮಾತಿನ ಚಿತ್ರಕ್ಕೆ ಇವರೆಲ್ಲ ಕೊಲ್ಹಾಪುರಕ್ಕೆ ಹೋಗಿ ಬಣ್ಣ ಹಚ್ಚಿದರು.

ಇನ್ನೊಂದು ಸಂಗತಿ. 1943ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರ ಕೂಡ ಸುಬ್ಬಯ್ಯ ನಾಯ್ಡು ಅವರೇ. ಎ.ವಿ. ಮೇಯಪ್ಪನ್ ಅದನ್ನು ತಮಿಳಿಗೆ ಡಬ್ ಮಾಡಿಸಿ ಮರುವರ್ಷ ಬಿಡುಗಡೆ ಮಾಡಿದರು. ಭಾರತದ ಮೊದಲ ಡಬ್ಬಿಂಗ್ ಸಿನಿಮಾ ಅಂತ ಇದನ್ನೇ ಹೇಳುತ್ತಾರೆ. ಡಬ್ಬಿಂಗ್ ಬೇಕಾ ಬೇಡವಾ ಅಂತ ನಾವು ವರ್ಷಗಟ್ಟಲೆ ಜಗಳ ಆಡಿದೆವಲ್ಲ, ಆ ಕಥೆ ಶುರುವಾಗಿದ್ದೇ ಕನ್ನಡ ಸಿನಿಮಾದಿಂದ, ಲೋಕೇಶ್ ಅವರ ಅಪ್ಪನ ಸಿನಿಮಾದಿಂದ! ಸೃಜನ್ ತಮ್ಮ ಟಿವಿ ಕಾರ್ಯಕ್ರಮಕ್ಕೆ ‘ಮಜಾ ಟಾಕೀಸ್’ ಅಂತ ಹೆಸರಿಟ್ಟಾಗ ನನಗೆ ಮೊದಲು ನೆನಪಾಗಿದ್ದು ಮೊದಲ ಟಾಕಿಯ ಅವರ ತಾತ.

‘ಸತಿ ಸುಲೋಚನ’ದ ಪ್ರಿಂಟ್ ಉಳಿದಿಲ್ಲ. ಅದೊಂದು ಸಂಕಟ ನನಗೆ ಯಾವಾಗಲೂ ಇದೆ.

ರಂಗದ ಹುಚ್ಚು:
ನಾಟಕದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಅಪ್ಪನ ಹಾಗೆ ಲೋಕೇಶ್ ಕಂಪನಿ ನಾಟಕಕ್ಕೆ ಹೋಗಲಿಲ್ಲ, ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಬಂದರು. ಸಿ.ಆರ್. ಸಿಂಹ ಅವರ ‘ನಟರಂಗ’ ತಂಡ, 1972ರಲ್ಲಿ ಶುರುವಾಗಿದ್ದು. ಮಾಸ್ತಿಯವರ ‘ಕಾಕನ ಕೋಟೆ’ಯನ್ನು ಈ ತಂಡ ಆಡಿತು. ಕಾಡು ಕುರುಬರ ನಾಯಕ ಕಾಚನ ಪಾತ್ರ ಲೋಕೇಶ್ ಅವರದು.

ನಾನು ಆಗ ಕಾಲೇಜು ಹುಡುಗ. ಕಲಾಕ್ಷೇತ್ರದಲ್ಲಿ ಎರಡು ಸಲ ನೋಡಿದೆ, ಎರಡನೇ ಸಲ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಅಷ್ಟು ಹತ್ತಿರದಿಂದ ನನ್ನ ಮನಸ್ಸಲ್ಲಿ ಉಳಿದಿದ್ದು ಮಾತಲ್ಲ, ಅವರ ಕಾಲು. ಹೆಬ್ಬೆರಳನ್ನು ಮೊದಲು ಊರಿ, ತರಗೆಲೆ ಸದ್ದಾಗಬಾರದು ಅನ್ನುವ ಹಾಗೆ ಹೆಜ್ಜೆ ಇಡುತ್ತಿದ್ದರು. ವೇದಿಕೆ ಮೇಲೆ ಇದ್ದದ್ದು ಬರೀ ಹಲಗೆ, ಆದರೂ ನಮಗೆ ಕಾಡು ಕಾಣುತ್ತಿತ್ತು.

ಸಂಗೀತ ಸಿ. ಅಶ್ವತ್ಥ್. ಮುಂದೆ ಸಿಂಹ ಅವರೇ ಇದನ್ನು ಸಿನಿಮಾ ಮಾಡಿದಾಗಲೂ ಕಾಚ ಲೋಕೇಶ್ ಅವರೇ, ಸಂಗೀತ ಅಶ್ವತ್ಥರದೇ. ಸ್ವತಂತ್ರ ಸಂಗೀತ ನಿರ್ದೇಶಕರಾಗಿ ಅಶ್ವತ್ಥ್ ಸಿನಿಮಾಕ್ಕೆ ಬಂದಿದ್ದು ಆ ಚಿತ್ರದಿಂದ. ಗಿರಿಜಾ ಅವರೂ ಅದರಲ್ಲಿದ್ದಾರೆ. ಒಂದು ಹವ್ಯಾಸಿ ನಾಟಕ ಕನ್ನಡಕ್ಕೆ ಎಷ್ಟು ಜನರನ್ನು ಕೊಟ್ಟಿತು ನೋಡಿ.

ಕೋಟೆ ಕಡೆಯವ:
ರಂಗದ ಹುಚ್ಚು ಅವರೇ, ನಮ್ಮ ಊರಿನ ಹೆಸರು ತೆಗೆದಿರಿ, ಇನ್ನು ಸುಮ್ಮನೆ ಇರಲಾಗುವುದಿಲ್ಲ. ಕಾಕನಕೋಟೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನದು, ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಆ ಕಾಡಿನ ಒಂದಷ್ಟು ಭಾಗ ಈಗ ಕಬಿನಿ ನೀರಿನ ಅಡಿಯಲ್ಲಿದೆ.

ಲೋಕೇಶ್ ಅವರಿಗೆ ನಮ್ಮ ಕಡೆಯ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಶ್ರೀಕೃಷ್ಣ ಆಲನಹಳ್ಳಿ ನಮ್ಮ ಕೋಟೆ ಕಡೆಯವರೇ. ಅವರ ‘ಕಾಡು’ ಕಾದಂಬರಿ 1973ರಲ್ಲಿ ಗಿರೀಶ್ ಕಾರ್ನಾಡರ ನಿರ್ದೇಶನದಲ್ಲಿ ಸಿನಿಮಾ ಆಯಿತು. ಅಮರೀಶ್ ಪುರಿ ಒಂದೂರಿನ ಗೌಡ, ಪಕ್ಕದ ಊರಿನ ಶಿವಗಂಗ ನಮ್ಮ ಲೋಕೇಶ್. 1978ರಲ್ಲಿ ‘ಪರಸಂಗದ ಗೆಂಡೆತಿಮ್ಮ’ ಬಂತು, ಅದರ ಗೆಂಡೆತಿಮ್ಮನೂ ಅವರೇ, ರಾಜ್ಯ ಪ್ರಶಸ್ತಿಯೂ ಬಂತು. ‘ಭುಜಂಗಯ್ಯನ ದಶಾವತಾರ’ಕ್ಕೆ ಬರುವ ಹೊತ್ತಿಗೆ ಪಾತ್ರ ಮಾಡಿದ್ದಲ್ಲದೆ ನಿರ್ದೇಶನವನ್ನೂ ತಾವೇ ಹೊತ್ತುಕೊಂಡರು. ಒಬ್ಬನೇ ಕಾದಂಬರಿಕಾರನ ಮೂರು ಕಾದಂಬರಿ, ಮೂರರಲ್ಲೂ ಒಬ್ಬರೇ ನಟ! ಇಬ್ಬರೂ ಹುಟ್ಟಿದ್ದು 1947ರಲ್ಲೇ. ಆಲನಹಳ್ಳಿ 1989ರಲ್ಲಿ ತೀರಿಕೊಂಡರು, ಲೋಕೇಶ್ 2004ರಲ್ಲಿ.

ನನ್ನ ಪ್ರಕಾರ ಗೆಂಡೆತಿಮ್ಮನೇ ಅವರ ದೊಡ್ಡ ಪಾತ್ರ. ಪೇಟೆಯಿಂದ ಸಾಮಾನು ತಂದು ಹಳ್ಳಿ ಹೆಂಗಸರಿಗೆ ಮಾರುವ ಪಾಪದ ಮನುಷ್ಯ. ಊರಿಗೆ ಹೊಸದನ್ನೆಲ್ಲ ತಂದವನ ಬದುಕನ್ನೇ ಆ ಹೊಸದು ಮುರಿಯುತ್ತದೆ. ನನ್ನ ಅಜ್ಜಿ ಮನೆ ಬೀದಿಗೆ ಬಳೆ, ರಿಬ್ಬನ್ ಗಂಟು ಹೊತ್ತು ಬರುತ್ತಿದ್ದವನು ಜಗಲಿ ಮೇಲೆ ಗಂಟು ಬಿಚ್ಚುವಾಗ ಮುಖದಲ್ಲಿ ಒಂಥರಾ ನಾಚಿಕೆ, ಒಂಥರಾ ಜಂಬ ಎರಡೂ ಇರುತ್ತಿತ್ತು. ಲೋಕೇಶ್ ಮುಖದಲ್ಲಿ ಅದೇ ಕಂಡೆ. ಈಗಲೂ ‘ತೇರಾ ಏರಿ ಅಂಬರದಾಗೆ’ ಹಾಡು ಕೇಳಿದರೆ ನನಗೆ ಆ ಜಗಲಿ ನೆನಪಾಗುತ್ತದೆ.

ಮಧ್ಯಂತರ:
ಒಂದು ಮಾತು ಕೇಳಲಾ? ಅಯ್ಯು, ಕಾಚ, ಗೆಂಡೆತಿಮ್ಮ, ಎಲ್ಲ ಹಳ್ಳಿ ಕಾಡಿನ ಪಾತ್ರಗಳೇ ಆದವಲ್ಲ. ಬೇರೆ ಥರದ್ದು ಮಾಡಲಿಲ್ಲವಾ?

ರೀಲು ಡಬ್ಬ:
ಮಾಡಿದ್ದಾರೆ, ಅದೂ ಎಂಥದ್ದು! ‘ಬ್ಯಾಂಕರ್ ಮಾರ್ಗಯ್ಯ’ ನೋಡಿ, 1983ರದು, ಟಿ.ಎಸ್. ನಾಗಾಭರಣ ನಿರ್ದೇಶನ, ಆರ್.ಕೆ. ನಾರಾಯಣ್ ಕಾದಂಬರಿ. ಮಾಲ್ಗುಡಿ ಅಂದ ತಕ್ಷಣ ಎಲ್ಲರಿಗೂ ಶಂಕರ್‌ನಾಗ್, ಆಗುಂಬೆ ನೆನಪಾಗುತ್ತದೆ, ಆದರೆ ಆ ‘ಮಾಲ್ಗುಡಿ ಡೇಸ್’ ಧಾರಾವಾಹಿಗೂ ಮೊದಲೇ ಮಾಲ್ಗುಡಿಯ ಈ ಮಾರ್ಗಯ್ಯ ಕನ್ನಡದಲ್ಲಿ ಬಂದಿದ್ದ. ಸಹಕಾರಿ ಬ್ಯಾಂಕಿನ ಎದುರು ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು, ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಕಾಸು ಮಾಡುವವನು. ಕಾಚನ ಹಾಗೆ ನೆಲ ತಿಳಿದವನಲ್ಲ, ಗೆಂಡೆತಿಮ್ಮನ ಹಾಗೆ ಪಾಪದವನೂ ಅಲ್ಲ. ದುಡ್ಡಿನ ಆಸೆಯ ಮನುಷ್ಯ, ಆದರೂ ಅವನ ಮೇಲೆ ಸಿಟ್ಟು ಬರುವುದಿಲ್ಲ. ಆ ವರ್ಷ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದಿದ್ದು ಇದಕ್ಕೇ. ಲಂಕೇಶರ ‘ಎಲ್ಲಿಂದಲೋ ಬಂದವರು’ ಕೂಡ ಹುಡುಕಿ ನೋಡಿ.

ಬಾಲ್ಕನಿ ಸೀಟು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಕಾಕನ ಕೋಟೆ ಅಂದ ತಕ್ಷಣ ಅವರು, ‘ನಿಮ್ಮ ತಾತ ನನ್ನನ್ನ ಕಲಾಕ್ಷೇತ್ರಕ್ಕೆ ಕರ್ಕೊಂಡು ಹೋಗಿದ್ರು ಕಣೋ’ ಅಂದರು. ಇಷ್ಟು ವರ್ಷ ಒಂದು ಸಲವೂ ಹೇಳಿರಲಿಲ್ಲ. ಈ ಭಾನುವಾರ ಗೆಂಡೆತಿಮ್ಮ ನೋಡುವುದು ಅಂತ ಆಗಿದೆ, ಮಾರ್ಗಯ್ಯ ಅದರ ಮುಂದಿನ ವಾರ.

ರಂಗದ ಹುಚ್ಚು ಅವರೇ, ಆ ನಾಟಕದ ಕರಪತ್ರವೋ ಟಿಕೆಟ್ಟೋ ನಿಮ್ಮ ಹತ್ತಿರ ಉಳಿದಿದ್ದರೆ ಒಂದು ಫೋಟೋ ಹಾಕುತ್ತೀರಾ? ಅಮ್ಮನಿಗೆ ತೋರಿಸಬೇಕು.