ಮಾತ್ರೆ ಪುಡಿ ಮಾಡಿ ಕೊಡಲೇ ಎಂದು ಕೇಳಿದ ಪುಟ್ಟಿಗೆ

ಪುಟ್ಟಿ, ಅಮ್ಮನಿಗೆ ಮಾತ್ರೆ ನುಂಗಿದರೆ ಗಂಟಲಲ್ಲೇ ನಿಂತಂತಾಗುತ್ತದೆ, ಪುಡಿ ಮಾಡಿ ಕೊಡಲೇ ಎಂದು ಕೇಳಿದ್ದೀಯಲ್ಲ, ಅದಕ್ಕೆ ಬರುತ್ತೇನೆ. ಮೊದಲು ಒಂದು ಮಾತು: ಮಲಗಿದವಳ ಬಾಯಿಗೆ ಮಾತ್ರೆ ಹಾಕಬೇಡ. ನನ್ನ ತಂಗಿ ಎಂಥ ಸೋಮಾರಿ ಎಂದು ನನಗೆ ಗೊತ್ತಿಲ್ಲವೇ?

ದೊಡ್ಡಪ್ಪನ ಅವಸರವಂತೂ ನಿಮಗೆಲ್ಲ ಗೊತ್ತೇ ಇದೆ. ಒಮ್ಮೆ ಅವರಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ದೀಪ ಆರಿಸಿದ ಮೇಲೆ ನೆನಪಾಯಿತು. ಎದ್ದು ನೀರು ತರುವ ತಾಳ್ಮೆ ಎಲ್ಲಿಂದ ಬರಬೇಕು? ಕತ್ತಲಲ್ಲೇ ತಡಕಾಡಿ ಒಂದನ್ನು ಬಾಯಿಗೆ ಹಾಕಿಕೊಂಡು, ಬರೀ ಉಗುಳಿನಲ್ಲಿ ನುಂಗಿ ಮಗ್ಗುಲಾದರು. ಬೆಳಗಿನ ಜಾವ ನೋಡಿದರೆ ಎದೆ ಹಿಡಿದುಕೊಂಡು ಕುಳಿತಿದ್ದಾರೆ, ಒಳಗೆ ಕೆಂಡ ಇಟ್ಟಂತಾಗುತ್ತಿದೆ ಎನ್ನುತ್ತಾರೆ. ಹೃದಯಾಘಾತವೇ ಇರಬೇಕೆಂದು ಓಡಿದೆವು. ಇಸಿಜಿಯಲ್ಲಿ ಏನೂ ಇಲ್ಲ. ಗಂಟಲಿನಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಎಂಡೋಸ್ಕೋಪಿ ಮಾಡಿದಾಗ ತಿಳಿಯಿತು: ಕ್ಯಾಪ್ಸೂಲ್ ಅನ್ನನಾಳದ ನಡುವೆ ಅಂಟಿಕೊಂಡು, ಅಲ್ಲೇ ಕರಗಿ ಹುಣ್ಣು ಮಾಡಿತ್ತು. ಎಷ್ಟೋ ದಿನ ಉಗುಳು ನುಂಗುವುದಕ್ಕೂ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಮಲಗಿಕೊಂಡು ಮಾತ್ರೆ ಬೇಡ, ನೀರಿಲ್ಲದೆ ಬೇಡವೇ ಬೇಡ.

ಆಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕಾದವಳು ನಾನೊಬ್ಬಳೇ. ನಿನ್ನ ಸೋದರಮಾವ ಬಾಗಿಲಲ್ಲೇ ನಿಂತು, ಗಡಿಯಾರ ನೋಡಿಕೊಂಡು ಹೊರಟುಹೋದ. ಅಕ್ಕತಂಗಿಯರ ಪಾಲನ್ನೆಲ್ಲ ನುಂಗಿ ನೀರು ಕುಡಿದವನ ಗಂಟಲಲ್ಲಿ ಮಾತ್ರ ಏನೂ ಸಿಕ್ಕಿಕೊಳ್ಳುವುದಿಲ್ಲ ನೋಡು! ಅವನೂ ನಮ್ಮ ಮನೆಯವರ ಈ ಮೆಸೇಜ್ ಗುಂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ. ಇಷ್ಟು ವರ್ಷ ನಾನು ಮಾತು ನುಂಗಿಕೊಂಡಿದ್ದೇ ಹೆಚ್ಚು.

ಅಯ್ಯೋ, ನೀನು ಕೇಳಿದ್ದು ಪುಡಿಯ ವಿಷಯ ಅಲ್ಲವೇ? ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳದೆ ಪುಡಿ ಮಾಡಬೇಡ. ಕೆಲವು ಮಾತ್ರೆಗಳು ದಿನವಿಡೀ ಸ್ವಲ್ಪಸ್ವಲ್ಪವೇ ಕರಗುವಂತೆ ಮಾಡಿದವು. ಅಂಥವನ್ನು ಕುಟ್ಟಿದರೆ ಅಷ್ಟೂ ಔಷಧ ಒಮ್ಮೆಗೇ ಮೈಗೆ ಹತ್ತುತ್ತದೆ. ಅದೇ ಔಷಧ ದ್ರವರೂಪದಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸು. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಮೊದಲು ಒಂದು ಗುಟುಕು ನೀರು, ಆಮೇಲೆ ಮಾತ್ರೆ, ಅದರ ಮೇಲೆ ಲೋಟ ತುಂಬ ನೀರು. ಅರ್ಧ ಗಂಟೆ ಒರಗುವುದಕ್ಕೆ ಬಿಡಬೇಡ. ಕ್ಯಾಪ್ಸೂಲ್ ಆದರೆ ತಲೆಯನ್ನು ಹಿಂದಕ್ಕೆ ಎತ್ತುವುದಲ್ಲ, ಗದ್ದವನ್ನು ಎದೆಯ ಕಡೆಗೆ ಬಾಗಿಸಬೇಕು. ಅದು ಹಗುರ, ನೀರಿನಲ್ಲಿ ತೇಲಿ ಗಂಟಲ ಕಡೆಗೆ ತಾನೇ ಹೋಗುತ್ತದೆ. ಬರೀ ನೀರು ಕುಡಿದರೂ ಕೆಮ್ಮು ಬರುತ್ತಿದೆಯೇ? ಹಾಗಿದ್ದರೆ ನನ್ನ ಉತ್ತರಕ್ಕೆ ಕಾಯಬೇಡ, ನಾಳೆಯೇ ವೈದ್ಯರಿಗೆ ತೋರಿಸು.