ರೂಮಿನ ಪುಟ್ಟ ಅಡುಗೆಮನೆಯಲ್ಲಿ ಏನು ಮಾಡೋದು? ಯಾತ್ರೆ ಅಡುಗೆ ಭಟ್ಟರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯಿಂದ, ಇಬ್ಬರು ಮಕ್ಕಳ ತಾಯಿ):

ನಮಸ್ಕಾರ ಭಟ್ಟರೇ. ದಸರಾ ರಜೆಗೆ ಕಾರಿನಲ್ಲಿ ಊಟಿಗೆ ಹೊರಟಿದ್ದೇವೆ, ನಾಲ್ಕು ರಾತ್ರಿ. ನಾವಿಬ್ಬರು, 10 ಮತ್ತು 6 ವರ್ಷದ ಮಕ್ಕಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಚಿಕ್ಕವನಿಗೆ ಎರಡು ದಿನ ಹೋಟೆಲ್ ಊಟ ಆದರೆ ಹೊಟ್ಟೆ ಕೆಡುತ್ತದೆ. ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಕೆಟಲ್, ಸಣ್ಣ ಫ್ರಿಜ್, ಸಿಂಕ್ ಇದೆಯಂತೆ. ಪಾತ್ರೆ ಎರಡೇ ಕೊಡ್ತಾರಂತೆ. ಬೆಳಿಗ್ಗೆ ತಿಂಡಿ, ರಾತ್ರಿ ಹಗುರವಾದ ಊಟ, ನಡುವೆ ಬಾಯಾಡಿಸೋಕೆ ಏನಾದರೂ ಬೇಕು. ಏನೇನು ಕಟ್ಟಿಕೊಳ್ಳಲಿ?

ಉತ್ತರ:

ನಮಸ್ಕಾರ ತಂಗಿ. ನಾನು 22 ವರ್ಷ ಯಾತ್ರೆ ಬಸ್ಸಿನ ಜೊತೆ ಅಡುಗೆಗೆ ಹೋದವನು. ಕಾಶಿ, ರಾಮೇಶ್ವರ, ಶಿರಡಿ. ಛತ್ರದ ಹಿತ್ತಲು, ಬಸ್ಸಿನ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲೇ ಒಲೆ ಹೂಡಿದ್ದೇನೆ. ಅಲ್ಲಿ ಕಲಿತದ್ದನ್ನೇ ನಿಮಗೂ ಹೇಳುತ್ತೇನೆ. ಹುರಿಯೋದು, ಕುಟ್ಟೋದು, ಒಗ್ಗರಣೆ ಹಾಕೋದು, ಇಷ್ಟನ್ನೂ ಮನೆಯಲ್ಲೇ ಮುಗಿಸಿ ಹೋಗಿ. ರೂಮಿನಲ್ಲಿ ನೀರು ಕಾಯಿಸೋದು, ನೆನೆಸೋದು, ಕುಕ್ಕರ್ ಇಡೋದು ಇಷ್ಟೇ ಇರಲಿ. ಮುಚ್ಚಿದ ರೂಮಿನಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ, ಕರ್ಟನ್ನಿನಿಂದ ಹಾಸಿಗೆವರೆಗೆ ವಾಸನೆ ಹಿಡಿಯುತ್ತದೆ. ಕೆಲವು ಕಡೆ ಹೊಗೆಯ ಅಲಾರಂ ಕೂಡ ಹೊಡೆದುಕೊಳ್ಳುತ್ತದೆ.

ಬೆಳಗಿನ ತಿಂಡಿಗೆ ಮೊದಲು ಗೊಜ್ಜವಲಕ್ಕಿ. ನನಗೆ ಇದರಷ್ಟು ನಂಬಿಕೆಯ ತಿಂಡಿ ಇನ್ನೊಂದಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ, ದಪ್ಪ ರವೆಯ ಹಾಗೆ ತರಿ ಮಾಡಿ. ಹಿಟ್ಟಾದರೆ ಆಮೇಲೆ ಮುದ್ದೆಯಾಗುತ್ತದೆ, ಹಾಗಾಗಿ ಜರಡಿ ಹಿಡಿದು ಸಣ್ಣ ಪುಡಿ ತೆಗೆದುಬಿಡಿ. ಇನ್ನೊಂದು ಕಡೆ ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಉಪ್ಪು, ಅರಿಶಿನ ಹಾಕಿ ಗೊಜ್ಜು ಕುದಿಸಿ. ಎಣ್ಣೆ ಧಾರಾಳವಾಗಿರಲಿ. ಕುದಿಯುತ್ತಾ ಕುದಿಯುತ್ತಾ ಗೊಜ್ಜು ಬಾಣಲೆಯ ಅಂಚು ಬಿಡುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಆಗ ಇಳಿಸಿ. ಸಾಸಿವೆ, ಕಡ್ಲೆಬೇಳೆ, ಶೇಂಗಾ, ಇಂಗಿನ ಒಗ್ಗರಣೆಯನ್ನೂ ಅದಕ್ಕೇ ಸೇರಿಸಿ, ಪೂರ್ತಿ ಆರಿದ ಮೇಲೆ ಒಣಗಿದ ಬಾಟಲಿಗೆ ತುಂಬಿ. ಒದ್ದೆ ಚಮಚ ಹಾಕಬೇಡಿ. ನಾಲ್ಕು ದಿನಕ್ಕೆ ಏನೂ ಆಗೋದಿಲ್ಲ.

ರೂಮಿನಲ್ಲಿ ಎರಡು ಕಪ್ ತರಿಗೆ ಒಂದೂಕಾಲು ಕಪ್ ಬಿಸಿನೀರು ಸಾಕು. ಆ ನೀರಿಗೆ ಎರಡು ಮೂರು ಚಮಚ ಗೊಜ್ಜು ಕದಡಿ, ತರಿಯ ಮೇಲೆ ಸುರಿದು ಕಲಸಿ, 20 ನಿಮಿಷ ಮುಚ್ಚಿಡಿ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಗಟ್ಟಿ ಹರಳು ಸಿಕ್ಕಿದರೆ ಒಂದು ಕೈ ನೀರು ಚಿಮುಕಿಸಿ ಇನ್ನೈದು ನಿಮಿಷ ಬಿಡಿ. ಮೇಲೆ ಒಣಕೊಬ್ಬರಿ ತುರಿ. ಅಷ್ಟೇ.

ಎರಡನೆಯ ದಿನಕ್ಕೆ ಉಪ್ಪಿಟ್ಟು. ಸಣ್ಣ ರವೆಯನ್ನು ಘಮ್ ಅನ್ನುವವರೆಗೆ ಮನೆಯಲ್ಲೇ ಹುರಿದು, ಒಗ್ಗರಣೆ ಬೆರೆಸಿ ಡಬ್ಬಿಗೆ ಹಾಕಿ. ಕರಿಬೇವು, ಹಸಿಮೆಣಸಿನಕಾಯಿ ಗರಿಗರಿ ಆಗುವ ತನಕ ಹುರಿಯಬೇಕು. ತೇವ ಉಳಿದರೆ ಡಬ್ಬಿಯಲ್ಲೇ ಮುಗ್ಗುತ್ತದೆ. ರೂಮಿನಲ್ಲಿ ಒಂದು ಕಪ್ ಮಿಶ್ರಣಕ್ಕೆ ಎರಡೂವರೆ ಕಪ್ ಕುದಿಯುವ ನೀರು. ಮೂರು ನಿಮಿಷ ತಿರುವಿ ಮುಚ್ಚಿಡಿ, ನಿಂಬೆ ಹಿಂಡಿ.

ಮೂರನೆಯ ದಿನ ನಿಮ್ಮೂರಿನ ಮಂಡಕ್ಕಿ ಇದೆಯಲ್ಲ! ನೆನೆಸಿ ಹಿಂಡಿ, ಒಯ್ದ ಒಗ್ಗರಣೆ ಕಲಸಿ, ಪುಟಾಣಿ ಪುಡಿ ಉದುರಿಸಿದರೆ ಸೂಸ್ಲ. ಒಲೆಯೇ ಬೇಕಿಲ್ಲ. ನಾಲ್ಕನೆಯ ದಿನ ಮೊಸರವಲಕ್ಕಿ.

ರಾತ್ರಿಗೆ ಹೆಸರುಬೇಳೆ ಹುಗ್ಗಿ. ಒಂದು ಕಪ್ ಅಕ್ಕಿ, ಅರ್ಧ ಕಪ್ ಹುರಿದ ಹೆಸರುಬೇಳೆ, ಐದು ಕಪ್ ನೀರು, ಉಪ್ಪು, ಮೆಣಸು, ಜೀರಿಗೆ, ತುಪ್ಪ. ಅಕ್ಕಿ ಬೇಳೆ ಅಳೆದು, ಒಂದೊಂದು ರಾತ್ರಿಗೆ ಒಂದೊಂದು ಬಟ್ಟೆ ಚೀಲ ಕಟ್ಟಿಕೊಳ್ಳಿ. ಸುತ್ತಾಡಿ ದಣಿದು ಬಂದಾಗ ಅಳತೆ ಹುಡುಕೋ ಕೆಲಸ ಇರಬಾರದು.

ಇನ್ನು ಅತ್ತೆಯವರದು. ಹೆಸರುಬೇಳೆ ಒಂದು ಗಂಟೆ ನೆನೆಸಿ, ಸೌತೆಕಾಯಿ, ಕ್ಯಾರೆಟ್ ಹಾಕಿ ಕೋಸಂಬರಿ ಮಾಡಿ. ಊಟಿ ಮಾರ್ಕೆಟ್ಟಿನಲ್ಲಿ ಮಣ್ಣು ಮೆತ್ತಿದ ಹೊಸ ಕ್ಯಾರೆಟ್ ಸಿಗುತ್ತದೆ, ಅದರ ರುಚಿಯೇ ಬೇರೆ. ರಾಗಿ ಹುರಿಹಿಟ್ಟನ್ನು ಮಜ್ಜಿಗೆಗೆ ಕಲಸಿ, ಉಪ್ಪು ಇಂಗು ಹಾಕಿ ಕೊಡಬಹುದು. ಅದೇ ಹಿಟ್ಟು ಬಿಸಿಹಾಲು, ಬೆಲ್ಲದ ಜೊತೆ ಮಕ್ಕಳಿಗೆ. ಕಾರಿನಲ್ಲಿ ಅವರ ಕೈಗೆಟುಕುವ ಹಾಗೆ ಹುರಿಗಡಲೆಯ ಒಂದು ಡಬ್ಬಿ ಇಡಿ. ಘಾಟಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಊಟದ ಹೊತ್ತು ತಪ್ಪೋದು ಸಾಮಾನ್ಯ. ಎಷ್ಟು ತಿನ್ನಬೇಕು ಅನ್ನೋದು ಮಾತ್ರ ಅವರ ಡಾಕ್ಟರ್ ಹೇಳಿದ ಹಾಗೆ ನಡೆಯಲಿ.

ಪ್ರಶ್ನೆ (ತುಮಕೂರಿನಿಂದ):

ಭಟ್ಟರೇ, ನಡುವೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹೋದ ವರ್ಷ ನಾವೂ ಊಟಿಯ ಒಂದು ಕಾಟೇಜಿನಲ್ಲಿದ್ದೆವು. ತೊಗರಿಬೇಳೆ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿದರೂ ಕಾಳು ಕಾಳಾಗೇ ಇತ್ತು. ಬೇಳೆ ಹಳೆಯದಾಗಿತ್ತಾ?

ಉತ್ತರ:

ಬೇಳೆಯದ್ದಲ್ಲ, ಬೆಟ್ಟದ ಕಾರಣ. ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಅಂದಾಜು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ ಅಂತ ಲೆಕ್ಕ ಇಟ್ಟುಕೊಳ್ಳಿ. ಊಟಿಯಲ್ಲಿ 92, 93 ಡಿಗ್ರಿಗೇ ನೀರು ಕೊತಕೊತ ಅನ್ನುತ್ತದೆ. ನೋಡೋಕೆ ಜೋರಾಗಿ ಕುದಿಯುತ್ತಿರುತ್ತದೆ, ಆದರೆ ಬೇಳೆ ಬೇಯುವಷ್ಟು ಬಿಸಿ ಇರೋದಿಲ್ಲ. ಉರಿ ಜಾಸ್ತಿ ಮಾಡಿದರೆ ನೀರು ಆವಿಯಾಗುತ್ತದೆ ಅಷ್ಟೇ.

ಅದಕ್ಕೇ ದಾವಣಗೆರೆ ತಂಗಿಗೂ ಹೇಳುತ್ತೇನೆ, ಮೂರು ಲೀಟರಿನ ಕುಕ್ಕರ್ ಒಂದನ್ನು ಮನೆಯಿಂದಲೇ ಒಯ್ಯಿರಿ. ಅದರೊಳಗೆ ಒತ್ತಡ ಏರಿ ನೀರಿನ ಬಿಸಿ 100 ಡಿಗ್ರಿ ದಾಟುತ್ತದೆ, ಬೆಟ್ಟದ ಮೇಲೂ ಬೇಳೆ ಬೇಯುತ್ತದೆ. ಮನೆಗಿಂತ ಒಂದೆರಡು ಸೀಟಿ ಜಾಸ್ತಿ ಬಿಡಿ. ಆದರೆ ಕುಕ್ಕರಿನ ತಳಕ್ಕೆ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್ನಿಗೆ ನಡೆಯುತ್ತದೆ. ಬರೀ ಅಲ್ಯೂಮಿನಿಯಂ ತಳ ಇದ್ದರೆ ಒಲೆ ಪೀಂ ಪೀಂ ಅಂದು ಆಫ್ ಆಗುತ್ತದೆ. ಇಂಡಕ್ಷನ್ ಬೇಗ ಬಿಸಿಯಾಗುವುದರಿಂದ ಸೀಟಿ ಮೇಲೆ ಸೀಟಿ ಬರುತ್ತದೆ, ಒಳಗೆ ಮಾತ್ರ ಬೆಂದಿರೋದಿಲ್ಲ. ಮೊದಲ ಸೀಟಿ ಆದ ಕೂಡಲೇ ಉರಿ ಕಡಿಮೆ ಮಾಡಿ.

ಪ್ರಶ್ನೆ (ದಾವಣಗೆರೆಯಿಂದ):

ಕುಕ್ಕರ್ ನೋಡಿದೆ ಭಟ್ಟರೇ, ಮ್ಯಾಗ್ನೆಟ್ ಅಂಟಿತು! ಇನ್ನೊಂದು ಸಂಶಯ. ಮಕ್ಕಳಿಗೆ ಹಾಲು, ನೂಡಲ್ಸ್ ಕೆಟಲ್‌ನಲ್ಲೇ ಕಾಯಿಸಬಹುದಾ? ನನ್ನ ತಂಗಿ ಹಾಗೇ ಮಾಡ್ತಾಳಂತೆ.

ಉತ್ತರ:

ಬೇಡ. ಕೆಟಲ್‌ನಲ್ಲಿ ನೀರು ಮಾತ್ರ. ನೀರಿನ ಆವಿ ತಾಗಿದಾಗ ಅದು ತಾನಾಗೇ ಆಫ್ ಆಗುತ್ತದೆ. ಹಾಲು ಹಾಗಲ್ಲ, ಆವಿ ತಾಗುವ ಮೊದಲೇ ನೊರೆ ಉಕ್ಕಿ ಕೆಳಗಿನ ಕರೆಂಟಿನ ತಟ್ಟೆಗೆ ಇಳಿಯುತ್ತದೆ, ತಳವೂ ಸೀಯುತ್ತದೆ. ಆಮೇಲೆ ಅದರಲ್ಲಿ ಕಾಯಿಸಿದ ನೀರಿಗೆಲ್ಲ ಸೀದ ಹಾಲಿನ ವಾಸನೆ. ಮುಂದಿನವರು ಅದರಲ್ಲೇ ಮಗುವಿಗೆ ನೀರು ಕಾಯಿಸ್ತಾರೆ ಅಲ್ವಾ? ನಿಮಗೂ ಹಿಂದಿನವರು ಏನು ಕಾಯಿಸಿದ್ದರೋ ಗೊತ್ತಿರೋದಿಲ್ಲ. ಹೋದ ಕೂಡಲೇ ಒಮ್ಮೆ ನೀರು ಕುದಿಸಿ ಚೆಲ್ಲಿ, ಆಮೇಲೆ ಬಳಸಿ. ಹಾಲಿಗೆ ಅವರು ಕೊಡುವ ಪಾತ್ರೆ ಇದೆ.

ಪ್ಲಗ್ಗನ್ನೂ ನೋಡಿ. ಸಣ್ಣ ಪಿನ್ನಿನ ಸಾಕೆಟ್ 6 ಆಂಪಿಯರಿನದು, ಹೆಚ್ಚೆಂದರೆ 1300 ವ್ಯಾಟ್ ಎಳೆಯಬಹುದು. ಕೆಟಲ್ಲೇ ಹಲವು 1500 ವ್ಯಾಟ್ ಇರುತ್ತವೆ, ಇಂಡಕ್ಷನ್ 2000ದವರೆಗೂ ಹೋಗುತ್ತದೆ. ಎರಡನ್ನೂ ದೊಡ್ಡ ಪಿನ್ನಿನ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ, ಒಂದಾದ ಮೇಲೆ ಒಂದು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಗೀಸರ್ ಆನ್ ಇದ್ದಾಗ ಕುಕ್ಕರ್ ಇಟ್ಟರೆ ಫ್ಯೂಸ್ ಹೋಗಿ ಇಡೀ ರೂಮು ಕತ್ತಲಾಗಬಹುದು.

ಪ್ರಶ್ನೆ (ಹುಬ್ಬಳ್ಳಿಯಿಂದ):

ಸರ್, ನಾನು ಕೆಲಸದ ಮೇಲೆ ಹತ್ತು ದಿನ ದುಬೈಗೆ ಹೊರಟೇನಿ. ರೂಮಿನಲ್ಲಿ ಮೈಕ್ರೋವೇವ್, ಕೆಟಲ್, ಫ್ರಿಜ್ ಅಷ್ಟೇ. ಒಲೆ ಇಲ್ಲ. ಅವ್ವ ಖಡಕ್ ರೊಟ್ಟಿ, ಚಟ್ನಿಪುಡಿ, ಮಸಾಲೆಪುಡಿ ಎಲ್ಲಾ ಕಟ್ಟಿ ಇಟ್ಟಾಳ. ಮತ್ತೇನು ಮಾಡಿಕೊಳ್ಳಬಹುದು?

ಉತ್ತರ:

ತಮ್ಮಾ, ಮೊದಲು ಅವ್ವನಿಗೆ ಫೋನ್ ಮಾಡಿ ಒಂದು ಮಾತು ಕೇಳು. ಯಾವ ಪುಡಿಗಾದರೂ ಗಸಗಸೆ ಹಾಕಿದ್ದಾರಾ? ಹಾಕಿದ್ದರೆ ಆ ಪುಡಿ ಮನೆಯಲ್ಲೇ ಇರಲಿ. ಯುಎಇಗೆ ಗಸಗಸೆ ಒಯ್ಯುವುದು ನಿಷೇಧ, ಅಲ್ಲಿ ಅದನ್ನು ಮಾದಕ ವಸ್ತುವಿನ ಕಾನೂನಿನಲ್ಲಿ ನೋಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದು ಪಾಯಸದ ಸಾಮಾನು, ಅಲ್ಲಿ ಪೊಲೀಸ್ ಕೇಸು. ಒಂದು ಚಿಟಿಕೆಯೂ ಬೇಡ.

ಉಳಿದಂತೆ ಅವ್ವ ಕಟ್ಟಿದ ಬುತ್ತಿಗಿಂತ ಒಳ್ಳೆಯದನ್ನು ನಾನೂ ಹೇಳಲಾರೆ. ರೊಟ್ಟಿಗೆ ಎರಡೂ ಕಡೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಮೊಸರು, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಸೌತೆಕಾಯಿ ಇದ್ದರೆ ಪೂರ್ತಿ ಊಟ. ಮೈಕ್ರೋವೇವ್‌ನಲ್ಲಿ ಉದ್ದಿನ ಹಪ್ಪಳ ಅರ್ಧ ಮುಕ್ಕಾಲು ನಿಮಿಷದಲ್ಲಿ ಎಣ್ಣೆ ಇಲ್ಲದೆ ಅರಳುತ್ತದೆ. ಆಲೂಗಡ್ಡೆಗೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ ಐದಾರು ನಿಮಿಷ ಇಡು, ಸಿಪ್ಪೆ ತೆಗೆದು ಮೊಸರು, ಚಟ್ನಿಪುಡಿ ಕಲಸು. ಅನ್ನಕ್ಕೆ ಅಗಲವಾದ, ಎತ್ತರದ ಗಾಜಿನ ಬೌಲ್ ಬೇಕು. ಅರ್ಧ ಕಪ್ ಅಕ್ಕಿ ನೆನೆಸಿ, ಎರಡು ಪಾಲು ನೀರು ಹಾಕಿ 12 ನಿಮಿಷದಷ್ಟು ಬೇಯಿಸಿ, ಐದು ನಿಮಿಷ ಮುಚ್ಚಿಡು. ಸಣ್ಣ ಬೌಲ್ ಆದರೆ ಗಂಜಿ ಎಲ್ಲಾ ಒಳಗೆ ಉಕ್ಕುತ್ತದೆ. ಸ್ಟೀಲ್ ಡಬ್ಬಿಯನ್ನು ಮರೆತೂ ಒಳಗಿಡಬೇಡ.

ಪ್ರಶ್ನೆ (ಮಂಡ್ಯದಿಂದ):

ಮೊಟ್ಟೆ ಬೇಯಿಸಬಹುದಾ ಮೈಕ್ರೋವೇವ್‌ನಲ್ಲಿ?

ಉತ್ತರ (ಗುಂಪಿನ ಇನ್ನೊಬ್ಬ ಸದಸ್ಯೆ, ಮಡಿಕೇರಿಯಲ್ಲಿ ಹೋಮ್‌ಸ್ಟೇ ಅಡುಗೆ ನೋಡಿಕೊಳ್ಳುವವರು):

ಚಿಪ್ಪಿನ ಸಮೇತ ಇಡಲೇಬೇಡಿ. ಒಳಗೆ ಆವಿ ತುಂಬಿ ಸಿಡಿಯುತ್ತದೆ. ಹೊರಗೆ ತೆಗೆದು ಕೈಯಲ್ಲಿ ಹಿಡಿದಾಗಲೂ ಸಿಡಿಯಬಹುದು. ಒಲೆ ಇದ್ದರೆ ಪಾತ್ರೆಯಲ್ಲೇ ಬೇಯಿಸಿ. ಊಟಿಯಂಥ ಎತ್ತರದ ಜಾಗದಲ್ಲಿ ಮನೆಗಿಂತ ಎರಡು ಮೂರು ನಿಮಿಷ ಜಾಸ್ತಿ ಬೇಕು.

ಪ್ರಶ್ನೆ (ಬೆಂಗಳೂರಿನಿಂದ):

ಒಂದು ಮಾತು ಕೇಳ್ತೀನಿ ಭಟ್ಟರೇ. ರಜೆಗೆ ಹೋಗಿಯೂ ಹೆಣ್ಣುಮಕ್ಕಳು ಅಡುಗೆ ಮಾಡಬೇಕಾ?

ಉತ್ತರ:

ಸರಿಯಾದ ಪ್ರಶ್ನೆ ಅಮ್ಮ. ಅದಕ್ಕೇ ಬರೀ ನೆನೆಸುವ, ಸುರಿಯುವ ತಿಂಡಿ ಹೇಳಿದೆ. ಗೊಜ್ಜವಲಕ್ಕಿಗೆ ನೀರು ಸುರಿಯೋದು ಹತ್ತು ವರ್ಷದ ಮಗುವೂ ದೊಡ್ಡವರ ಕಣ್ಣೆದುರು ಮಾಡಬಹುದು, ಯಜಮಾನರೂ ಮಾಡಬಹುದು. ನಮ್ಮ ಯಾತ್ರೆ ಬಸ್ಸಿನಲ್ಲಿ ಅಡುಗೆಯವರು ನಾವೆಲ್ಲ ಗಂಡಸರೇ, ಬಂದ ಹೆಂಗಸರು ಒಂದು ಲೋಟವನ್ನೂ ತೊಳೆಯುತ್ತಿರಲಿಲ್ಲ. ಮಧ್ಯಾಹ್ನದ ಊಟ ಹೊರಗೇ ಮಾಡಿ. ಸಂಜೆ ಚಹಾಕ್ಕೆ ಊಟಿಯ ವರ್ಕಿ ತನ್ನಿ, ಪದರ ಪದರವಾಗಿ ಬಾಯಲ್ಲಿ ಕರಗುತ್ತದೆ. ಊರಿಗೆ ಹೋಗಿ ಅಲ್ಲಿಯದು ತಿನ್ನದೆ ಬರಬಾರದು.

ಪ್ರಶ್ನೆ (ದಾವಣಗೆರೆಯಿಂದ):

ನಮ್ಮನೆಯವರಿಗೆ ಇದನ್ನು ಓದಿ ಹೇಳಿದೆ, ಬೆಳಗಿನ ತಿಂಡಿ ಅವರ ಪಾಲಿಗೆ ಅಂತ ಆಯಿತು. ಕೊನೆಯದಾಗಿ, ರಾತ್ರಿ ಉಳಿದ ಹುಗ್ಗಿ ಬೆಳಿಗ್ಗೆಗೆ ಇಡಬಹುದಾ? ದಾರಿಯ ಬಗ್ಗೆಯೂ ಏನಾದರೂ ಹೇಳಿ.

ಉತ್ತರ:

ಅನ್ನದ ಪದಾರ್ಥ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ವಾಸನೆಯೂ ಬಂದಿರೋದಿಲ್ಲ. ರೂಮಿನ ಪುಟ್ಟ ಫ್ರಿಜ್ಜನ್ನು ನಂಬಬೇಡಿ, ಎಷ್ಟೋ ಫ್ರಿಜ್ ನೀರಿನ ಬಾಟಲಿ ತಣ್ಣಗಾಗುವಷ್ಟೇ ತಂಪು. ಇನ್ನೊಂದು, ಬಾಗಿಲ ಹತ್ತಿರ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟು ಬರುವ ರೂಮುಗಳಿವೆ. ಕಾರ್ಡ್ ತೆಗೆದು ಸುತ್ತಾಡೋಕೆ ಹೋದರೆ ಕೆಲವು ಕಡೆ ಫ್ರಿಜ್ಜೂ ಆಫ್. ಒಮ್ಮೆ ನಮ್ಮ ಯಾತ್ರೆ ಬಸ್ಸಿನ ಒಬ್ಬ ಅಜ್ಜಿ ಹಾಗೆ ಇಟ್ಟ ಮೊಸರನ್ನ ತಿಂದು ರಾತ್ರಿಯಿಡೀ ವಾಂತಿ ಮಾಡಿಕೊಂಡರು, ನಾನು ಪಕ್ಕದಲ್ಲೇ ಕೂತಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳೋದು. ಚಿಕ್ಕವನಿರೋ ಕಡೆ ಒಂದು ಹಿಡಿ ಕಡಿಮೆಯೇ ಮಾಡಿ. ಹಸಿವು ಉಳಿದರೆ ಹುರಿಹಿಟ್ಟು ಇದೆ, ಬಾಳೆಹಣ್ಣಿದೆ.

ದಾರಿಗೆ ಬುತ್ತಿ ಕಟ್ಟಿದ್ದರೆ ಗುಂಡ್ಲುಪೇಟೆಯಲ್ಲೇ ತಿಂದು ಮುಗಿಸಿ. ಮುಂದೆ ಬಂಡೀಪುರದ ಕಾಡು, ಅಲ್ಲಿ ಗಾಡಿ ನಿಲ್ಲಿಸಿ ತಿನ್ನೋ ಹಾಗಿಲ್ಲ. ಮಂಗ, ಜಿಂಕೆಗೆ ಏನನ್ನೂ ಎಸೆಯಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಬಂದ್. ನೀಲಗಿರಿ ಜಿಲ್ಲೆಯಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ, ಸಣ್ಣ ನೀರಿನ ಬಾಟಲಿಯೂ ಸೇರಿ. ಹಾಗಾಗಿ ಸ್ಟೀಲ್ ಬಾಟಲಿ, ಸ್ಟೀಲ್ ತಟ್ಟೆ, ಬಟ್ಟೆ ಚೀಲ ಒಯ್ಯಿರಿ. ಒಂದು ಚಾಕು, ಒಂದು ಸೌಟು, ಎರಡು ಪಾತ್ರೆ ಒರೆಸೋ ಬಟ್ಟೆ, ತುರಿಯೋ ಮಣೆ, ಸಣ್ಣ ಜಾಲರಿ. ಜಾಲರಿ ಸಿಂಕಿನ ತೂತಿಗೆ. ಅನ್ನದ ಅಗುಳು ಕಟ್ಟಿಕೊಂಡರೆ ಆ ಸಣ್ಣ ಪೈಪಿನಲ್ಲಿ ನೀರು ಇಳಿಯೋದೇ ಇಲ್ಲ.

ಮತ್ತೆ, ಗೊಜ್ಜು ಹೊರಡುವ ಹಿಂದಿನ ದಿನವೇ ಮಾಡಿ ಆರಲು ಬಿಡಿ. ಬಿಸಿ ಇದ್ದಾಗ ಬಾಟಲಿ ಮುಚ್ಚಿದರೆ ಮುಚ್ಚಳದಲ್ಲಿ ನೀರು ನಿಲ್ಲುತ್ತದೆ.